ಶಾಲೆಗೆ ಎಇಡಿ ಬರುವ ಮೊದಲು ಆ ಏಳನೇ ಕ್ಲಾಸಿನ ಹುಡುಗಿಗೆ ಒಂದು ಇಸಿಜಿ ಮಾಡ್ಸಿ

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ಒಂದು ಕನ್ನಡ ಮಾಧ್ಯಮ ಯುಪಿ (ಅಪ್ಪರ್ ಪ್ರೈಮರಿ) ಶಾಲೆಯಲ್ಲಿ ಟೀಚರ್. ಸ್ಟಾಫು 11 ಜನ, ಮಕ್ಕಳು ಇನ್ನೂರು ಚಿಲ್ಲರೆ. ಗಲ್ಫಿನಲ್ಲಿರುವ ಹಳೆ ವಿದ್ಯಾರ್ಥಿಗಳು ಸೇರಿ ಶಾಲೆಗೆ ಎಂತಾದ್ರೂ ಕೊಡ್ತೇವೆ ಅಂದ್ರು, ಹಾರ್ಟ್ ನಿಂತವರಿಗೆ ಶಾಕ್ ಕೊಡುವ ಎಇಡಿ ಮಿಷನ್ ಆಗಬಹುದಾ ಅಂತ ಪಿಟಿಎ ಮೀಟಿಂಗಲ್ಲಿ ಮಾತು ಬಂತು. ಒಬ್ರು ಇದೆಲ್ಲ ಈಗ ಕಡ್ಡಾಯ ಅಂತಾರೆ, ಇನ್ನೊಬ್ರು ನಾವು ಮಾಷ್ಟ್ರುಗಳು ಅದನ್ನು ಮುಟ್ಟಿ ಮಗುವಿಗೆ ಎಂತಾದ್ರೂ ಆದ್ರೆ ಕೇಸು ಯಾರ ತಲೆಗೆ ಅಂತಾರೆ, ಎಚ್‌ಎಂ ಹೇಳಿದ್ರು ಮೊದಲು ಒಂದು ಪ್ಲಾನ್ ಬರೀರಿ ಅಂತ, ಅದನ್ನು ನನಗೇ ವಹಿಸಿದ್ದಾರೆ. ಇದೆಲ್ಲ ಶುರುವಾದದ್ದು ಯಾಕೆ ಅಂದ್ರೆ ಕಳೆದ ತಿಂಗಳು ಸಬ್‌ಜಿಲ್ಲಾ ಸ್ಪೋರ್ಟ್ಸ್‌ಗೆ ಪ್ರಾಕ್ಟೀಸ್ ಮಾಡುವಾಗ ಏಳನೇ ಕ್ಲಾಸಿನ ಒಂದು ಹುಡುಗಿ ಓಡ್ತಾ ಇದ್ದವಳು ಬಿದ್ದುಬಿಟ್ಟಳು, ಒಂದು ನಿಮಿಷ ಎಚ್ಚರ ಇರ್ಲಿಲ್ಲ, ನೀರು ಚಿಮುಕಿಸಿದ ಮೇಲೆ ಎದ್ದು ಕೂತಳು. ಬೆಳಿಗ್ಗೆ ತಿಂಡಿ ತಿಂದಿರ್ಲಿಲ್ಲವಂತೆ. ಈಗ ಚೆನ್ನಾಗಿದ್ದಾಳೆ, ಓಡ್ತಾ ಇದ್ದಾಳೆ. ಪ್ಲಾನಿನಲ್ಲಿ ಎಂತೆಲ್ಲ ಇರ್ಬೇಕು, ಮಿಷನ್ ತಗೊಳ್ಳುವುದಾ ಬೇಡವಾ, ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ಟೀಚರ್, ನಿಮ್ಮ ಪತ್ರದಲ್ಲಿ ಕೊನೆಗೆ ಬಂದ ವಿಷಯವನ್ನು ನಾನು ಮೊದಲು ತಗೊಳ್ತೇನೆ. ಆ ಹುಡುಗಿ ಓಡ್ತಾ ಇದ್ದಾಳೆ ಅಂತ ಬರೆದಿದ್ದೀರಿ ಅಲ್ವಾ, ನಾಳೆಯಿಂದ ಅವಳನ್ನು ಓಡಿಸ್ಬೇಡಿ. ಇಸಿಜಿ ಆಗಿ ಡಾಕ್ಟ್ರು ನೋಡಿ ಓಡಬಹುದು ಅಂತ ಹೇಳುವವರೆಗೆ ಓಟ, ಕಬಡ್ಡಿ, ಖೋ ಖೋ, ಈಜು ಯಾವುದೂ ಬೇಡ. ಹೆದರಿಸ್ಲಿಕ್ಕೆ ಹೇಳುವುದಲ್ಲ, ಹೆಚ್ಚಾಗಿ ಎಂತದೂ ಇರ್ಲಿಕ್ಕಿಲ್ಲ. ಆದ್ರೆ ಅಸೆಂಬ್ಲಿಯಲ್ಲಿ ಬಿಸಿಲಿಗೆ ನಿಂತು ನಿಂತು ಕಣ್ಣು ಕತ್ತಲೆ ಬಂದು ಬೀಳುವುದು ಬೇರೆ, ಜೋರಾಗಿ ಓಡ್ತಾ ಇರುವಾಗ ಓಟದ ನಡುವೆಯೇ ಬೀಳುವುದು ಬೇರೆ. ಮೊದಲನೇದು ಎಲ್ಲಾ ಶಾಲೆಯಲ್ಲೂ ವಾರಕ್ಕೊಂದು ಆಗ್ತದೆ, ಕಾಲು ಎತ್ತಿ ಮಲಗಿಸಿದ್ರೆ ಸರಿಯಾಗ್ತದೆ. ಎರಡನೇದು ಹೃದಯದ ತೊಂದರೆಯ ಮೊದಲನೇ ಸೂಚನೆ ಆಗಿರಬಹುದು, ಕೆಲವು ಮಕ್ಕಳಲ್ಲಿ ಅದೊಂದೇ ಸೂಚನೆ ಸಿಗುವುದು. ತಿಂಡಿ ತಿಂದಿಲ್ಲ ಅನ್ನುವ ಉತ್ತರ ನಮಗೆಲ್ಲ ಬೇಗ ಸಮಾಧಾನ ಕೊಡ್ತದೆ, ತಿಂಡಿ ತಿನ್ನದೆ ಬರುವ ಮಕ್ಕಳು ನಿಮ್ಮ ಶಾಲೆಯಲ್ಲಿ ಇನ್ನೂ ಹತ್ತು ಜನ ಇದ್ದಾರು, ಅವರು ಓಡುವಾಗ ಬೀಳ್ಲಿಲ್ಲ ಅಲ್ವಾ.

ಮನೆಯವರನ್ನು ಕರೆಸಿ ನಾಲ್ಕು ಪ್ರಶ್ನೆ ಕೇಳಿ. ಓಡುವಾಗ ಎದೆ ನೋವು, ಎದೆ ಡಬಡಬ ಹೊಡ್ಕೊಳ್ಳುವುದು ಮೊದಲು ಆದದ್ದುಂಟಾ. ಹಿಂದೆ ಪಿಟ್ಸ್ ಅಂತ ಹೇಳಿ ಮಾತ್ರೆ ಕೊಟ್ಟದ್ದುಂಟಾ, ಯಾಕೆ ಅಂದ್ರೆ ಹೃದಯದ ಕರೆಂಟಿನ ತೊಂದರೆಯಿಂದ ಪ್ರಜ್ಞೆ ತಪ್ಪಿ ಕೈಕಾಲು ಅದುರುವುದನ್ನು ಅಪಸ್ಮಾರ ಅಂತ ತಪ್ಪು ತಿಳ್ಕೊಂಡು ವರ್ಷಗಟ್ಲೆ ಮಾತ್ರೆ ತಿಂದವರು ಇದ್ದಾರೆ. ಹುಟ್ಟಿನಿಂದ ಹಾರ್ಟಿನ ಸದ್ದು ಇದೆ ಅಂತ ಯಾರಾದ್ರೂ ಹೇಳಿದ್ರಾ. ನಾಲ್ಕನೇದನ್ನು ಅಜ್ಜಿ ಹತ್ರ ಕೇಳಿದ್ರೆ ಒಳ್ಳೇದು, ಕುಟುಂಬದಲ್ಲಿ 50 ವರ್ಷ ಆಗುವ ಮೊದಲು ಯಾರಾದ್ರೂ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರಾ, ನಿದ್ದೆಯಲ್ಲಿ ಹೋದವರು, ಈಜು ಬರ್ತಿದ್ರೂ ಕೆರೆಯಲ್ಲಿ ಮುಳುಗಿ ಹೋದವರು. ಅಪ್ಪ ಅಮ್ಮನಿಗೆ ಗೊತ್ತಿಲ್ಲದ್ದು ಅಜ್ಜಿಗೆ ನೆನಪಿರ್ತದೆ. ಹೃದಯದ ಗೋಡೆ ದಪ್ಪ ಆಗುವ ಕಾಯಿಲೆ, ಲಾಂಗ್ ಕ್ಯೂಟಿ ಅಂತ ಕರೆಂಟಿನ ಕಾಯಿಲೆ, ಇವೆಲ್ಲ ವಂಶದಲ್ಲಿ ಬರುವಂಥದ್ದು. ಇಸಿಜಿ ಮಾಡಿಸ್ಲಿಕ್ಕೆ ದೊಡ್ಡ ಖರ್ಚೇನೂ ಇಲ್ಲ, ಸರಕಾರಿ ಆಸ್ಪತ್ರೆಯಲ್ಲೇ ಆಗ್ತದೆ, ಡಾಕ್ಟ್ರಿಗೆ "ಓಡುವಾಗಲೇ ಬಿದ್ದದ್ದು" ಅಂತ ಒತ್ತಿ ಹೇಳ್ಬೇಕು, ಸುಮ್ಮನೆ ತಲೆ ಸುತ್ತು ಬಂತು ಅಂದ್ರೆ ವಿಟಮಿನ್ ಬರೆದು ಕಳಿಸ್ತಾರೆ. ಎಕೋ, ಅಂದ್ರೆ ಹೃದಯದ ಸ್ಕ್ಯಾನ್, ಬೇಕು ಅಂದ್ರೆ ಅದನ್ನೂ ಮಾಡ್ಸಿ. ಹುಟ್ಟಿನಿಂದಲೇ ಇರುವ ಹೃದಯದ ತೊಂದರೆ ಅಂತ ಗೊತ್ತಾದ್ರೆ ಕೇರಳದಲ್ಲಿ ಹೃದ್ಯಂ ಅಂತ ಯೋಜನೆ ಉಂಟು, 2017ರಲ್ಲಿ ಶುರುವಾದದ್ದು, ಮಗುವಿನ ಹೆಸರು ನೋಂದಾಯಿಸಿದ್ರೆ ಆಪರೇಶನ್ನಿನ ದುಡ್ಡಿನ ಚಿಂತೆ ಮನೆಯವರಿಗೆ ಇರುವುದಿಲ್ಲ.

ಸರಿ, ಇನ್ನು ಕಡ್ಡಾಯವಾ ಅಂತ ಕೇಳಿದ್ದು.

ಎಲ್ಲಾ ಶಾಲೆಯಲ್ಲೂ ಎಇಡಿ ಇಡ್ಲೇಬೇಕು ಅಂತ ನಮ್ಮ ದೇಶದಲ್ಲಿ ಒಂದು ಕೇಂದ್ರ ಕಾನೂನು ಇಲ್ಲ. ಆದ್ರೆ ಮಗುವನ್ನು ಶಾಲೆಯಲ್ಲಿ ಸುರಕ್ಷಿತವಾಗಿ ಇಟ್ಕೊಳ್ಳುವ ಜವಾಬ್ದಾರಿ ಶಾಲೆಗೆ ಖಂಡಿತ ಉಂಟು. 2004 ಜುಲೈ 16ಕ್ಕೆ ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಅಡುಗೆಯ ಬೆಂಕಿ ಮಾಡಿಗೆ ಹತ್ತಿ 94 ಮಕ್ಕಳು ಸುಟ್ಟು ಹೋದ್ರಲ್ಲ, ಆ ದುರಂತದ ನಂತರದ ಕೇಸಿನಲ್ಲಿ ಸುಪ್ರೀಂ ಕೋರ್ಟು 2009ರಲ್ಲಿ ಹೇಳಿದ್ದು, ಶಿಕ್ಷಣದ ಹಕ್ಕಿನ ಒಳಗೇ ಸುರಕ್ಷಿತ ಶಾಲೆಯ ಹಕ್ಕೂ ಸೇರಿದೆ ಅಂತ. 2016ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಶಾಲಾ ಸುರಕ್ಷತಾ ನೀತಿ ತಂತು. 2021ರಲ್ಲಿ ಕೇಂದ್ರ ಶಿಕ್ಷಣ ಇಲಾಖೆಯ ಮಾರ್ಗಸೂಚಿ ಬಂತು, ಅದ್ರಲ್ಲಿ ಮಕ್ಕಳಿಗೆ ವೈದ್ಯಕೀಯ ಸಹಾಯ ಕೊಡ್ಲಿಕ್ಕೆ ತಡ ಮಾಡುವುದನ್ನೂ ನಿರ್ಲಕ್ಷ್ಯ ಅಂತ ಲೆಕ್ಕ ಹಾಕಿದ್ದಾರೆ. ನಮ್ಮ ಕೇರಳದಲ್ಲೇ 2019 ನವೆಂಬರಿನಲ್ಲಿ ವಯನಾಡಿನಲ್ಲಿ ಕ್ಲಾಸ್ ರೂಮಿನೊಳಗೆ ಹಾವು ಕಚ್ಚಿ 5ನೇ ಕ್ಲಾಸಿನ ಹುಡುಗಿ ತೀರಿಕೊಂಡಾಗ ಇಡೀ ರಾಜ್ಯ ಎದ್ದು ಕೇಳಿದ ಪ್ರಶ್ನೆ, ಇಷ್ಟು ತಡ ಯಾಕಾಯ್ತು ಅಂತಲೇ. ಹಾಗಾಗಿ ಮಿಷನ್ ಇಲ್ಲ ಅಂತ ನಿಮ್ಮನ್ನು ಯಾರೂ ಹಿಡಿಯುವುದಿಲ್ಲ, ಮಗು ಬಿದ್ದಾಗ ಎಂತ ಮಾಡ್ಬೇಕು ಅಂತ ಯಾರಿಗೂ ಗೊತ್ತಿರ್ಲಿಲ್ಲ ಅಂದ್ರೆ ಕೇಳ್ತಾರೆ, ಕೇಳ್ಬೇಕಾದದ್ದೇ.

ಬೇರೆ ಕಡೆ ಇದು ಇನ್ನೂ ಮುಂದೆ ಹೋಗಿದೆ. ಇಂಗ್ಲೆಂಡಿನಲ್ಲಿ 2011ರಲ್ಲಿ ಲಿವರ್‌ಪೂಲಿನ 12 ವರ್ಷದ ಹುಡುಗ ಶಾಲೆಯ ಈಜು ಸ್ಪರ್ಧೆಯಲ್ಲಿ ಕುಸಿದು ತೀರಿಕೊಂಡ, ಅಪ್ಪ ಅಮ್ಮ ವರ್ಷಗಟ್ಲೆ ಓಡಾಡಿದ್ರು, ಕೊನೆಗೆ ಸರಕಾರವೇ ಅಲ್ಲಿಯ ಸರಕಾರಿ ಶಾಲೆಗಳಿಗೆಲ್ಲ ಎಇಡಿ ಹಂಚಿತು, 2023ಕ್ಕೆ ಆ ಕೆಲಸ ಮುಗಿಯಿತು. ಅಮೆರಿಕದಲ್ಲಿ 2023 ಜನವರಿ 2ಕ್ಕೆ ಡಮಾರ್ ಹ್ಯಾಮ್ಲಿನ್ ಅನ್ನುವ ಅವರ ಫುಟ್ಬಾಲ್ ಆಟಗಾರನಿಗೆ ಎದೆಗೆ ಪೆಟ್ಟು ಬಿದ್ದು ಮೈದಾನದಲ್ಲೇ ಹಾರ್ಟ್ ನಿಂತು, ಅಲ್ಲೇ ಎದೆ ಒತ್ತಿ ಅಲ್ಲೇ ಶಾಕ್ ಕೊಟ್ಟು ಉಳಿಸಿದ್ರು, ಅವ ಮತ್ತೆ ಆಡ್ಲಿಕ್ಕೂ ಬಂದ. ಅದ್ರ ನಂತರ ಶಾಲೆಗಳಲ್ಲಿ ಹೃದಯದ ತುರ್ತಿಗೆ ಬರೆದಿಟ್ಟ ಪ್ಲಾನ್ ಇರ್ಬೇಕು ಅಂತ ಒಂದೊಂದೇ ರಾಜ್ಯ ಕಾನೂನು ಮಾಡ್ತಾ ಬಂತು, 2024 ಡಿಸೆಂಬರಿನಲ್ಲಿ ಹಾರ್ಟ್ಸ್ ಆ್ಯಕ್ಟ್ ಅಂತ ಕೇಂದ್ರದ ಕಾನೂನೂ ಆಯ್ತು, ಶಾಲೆಗಳಿಗೆ ಪ್ಲಾನು, ತರಬೇತಿ, ಮಿಷನ್ನಿಗೆ ಸಹಾಯಧನ ಕೊಡ್ಲಿಕ್ಕೆ. ಅಲ್ಲಿಯ ಕಾನೂನು ನಮಗೆ ಅನ್ವಯ ಆಗುವುದಿಲ್ಲ, ಆದ್ರೆ ಅವರು ಆ ಪ್ಲಾನಿನಲ್ಲಿ ಎಂತ ಕೇಳ್ತಾರೋ ಅದನ್ನು ಹಾಗೇ ತಗೊಳ್ಳಬಹುದು: ಬಿದ್ದ ಜಾಗಕ್ಕೆ 3 ನಿಮಿಷದೊಳಗೆ ಎಇಡಿ ತಲಪ್ಬೇಕು, ಯಾರು ಎಂತ ಮಾಡುವುದು ಅಂತ ಹೆಸರು ಸಮೇತ ಬರೆದಿರ್ಬೇಕು, ವರ್ಷ ವರ್ಷ ಡ್ರಿಲ್ ಮಾಡ್ಬೇಕು.

3 ನಿಮಿಷ ಯಾಕೆ ಅಂದ್ರೆ, ಹಾರ್ಟ್ ನಿಂತು ಯಾರೂ ಎಂತದೂ ಮಾಡದೆ ಹೋಗುವ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ 7ರಿಂದ 10ರಷ್ಟು ಇಳಿತಾ ಹೋಗ್ತದೆ. 4ರಿಂದ 6 ನಿಮಿಷಕ್ಕೆ ಮೆದುಳಿಗೆ ಪೆಟ್ಟು ಶುರು. ಈಗ ನಿಮ್ಮ ಶಾಲೆಗೆ ಆಂಬುಲೆನ್ಸ್ ಬರ್ಲಿಕ್ಕೆ ಎಷ್ಟು ಹೊತ್ತು ಬೇಕು ಲೆಕ್ಕ ಹಾಕಿ. ಬದಿಯಡ್ಕ ಪೇಟೆಯಲ್ಲೇ ಆಂಬುಲೆನ್ಸ್ ನಿಂತಿದ್ರೂ ಮಳೆಗಾಲದಲ್ಲಿ ಆ ಏರು ಹತ್ತಿ ಬರ್ಲಿಕ್ಕೆ ಹತ್ತು ನಿಮಿಷ ಬೇಕು. ನಮ್ಮ ಜಿಲ್ಲೆಯವರಿಗೆ ದೊಡ್ಡ ಆಸ್ಪತ್ರೆ ಅಂದ್ರೆ ಇವತ್ತಿಗೂ ಮಂಗಳೂರೇ, 2020ರಲ್ಲಿ ಕೊರೋನಾ ಅಂತ ಕರ್ನಾಟಕದವರು ತಲಪಾಡಿ ಗಡಿ ಮುಚ್ಚಿದಾಗ ಎಂಥ ಪಾಡು ಪಟ್ಟದ್ದು ಎಲ್ಲರಿಗೂ ನೆನಪುಂಟು. ಹಾಗಾಗಿ ನಾನು ಎಲ್ಲಾ ಶಾಲೆಗೂ ಹೇಳುವುದು ಒಂದೇ, ನಮ್ಮಲ್ಲಿ ಮೊದಲ ಹತ್ತು ನಿಮಿಷದ ಆಸ್ಪತ್ರೆ ಅಂದ್ರೆ ಶಾಲೆಯೇ, ಡಾಕ್ಟ್ರು ಅಂದ್ರೆ ಅಲ್ಲಿ ಆಗ ಇರುವ ಟೀಚರೇ.

ನಾನು ಮಂಗಳೂರಿನ ಒಂದು ಆಸ್ಪತ್ರೆಯ ಕ್ಯಾಶುವಲ್ಟಿಯಲ್ಲಿ ಇದ್ದಾಗ ನಮ್ಮ ಕಡೆಯಿಂದಲೇ ಒಬ್ಬ ಹುಡುಗನನ್ನು ತಂದಿದ್ರು. 16 ವರ್ಷ, ಜೆರ್ಸಿ ಇನ್ನೂ ಮೈಮೇಲೇ ಇತ್ತು, ಮೊಣಕಾಲಿನಲ್ಲಿ ಕೆಂಪು ಮಣ್ಣು. ಫುಟ್ಬಾಲ್ ಆಡ್ತಾ ಬಿದ್ದದ್ದು. ಬಿದ್ದ ಕೂಡ್ಲೇ ಜೀಪಿಗೆ ಹಾಕಿದ್ದಾರೆ, ಹಿಂದಿನ ಸೀಟಿನಲ್ಲಿ ಗೆಳೆಯನ ತೊಡೆ ಮೇಲೆ ತಲೆ ಇಟ್ಟು, ಆ ಗೆಳೆಯ ದಾರಿಯುದ್ದಕ್ಕೂ ಟವೆಲಿನಿಂದ ಗಾಳಿ ಹಾಕ್ತಾ ಬಂದಿದ್ದಾನೆ, ಡ್ರೈವರು ಒಂದು ಕಡೆಯೂ ನಿಲ್ಲಿಸದೆ ಜೀವ ಬಿಟ್ಟು ಓಡ್ಸಿದ್ದಾನೆ. ಎಲ್ಲರೂ ತಮ್ಮಿಂದ ಆದದ್ದನ್ನೆಲ್ಲ ಮಾಡಿದ್ರು, ಎದೆ ಒತ್ತುವುದೊಂದು ಬಿಟ್ಟು. ಅದು ಮಾಡ್ಬೇಕು ಅಂತ ಅವರಿಗೆ ಯಾರೂ ಹೇಳಿ ಕೊಟ್ಟಿರ್ಲಿಲ್ಲ. ನಾವು ಮುಕ್ಕಾಲು ಗಂಟೆ ಒತ್ತಿದೆವು. ಆ ಗೆಳೆಯ ಹೊರಗೆ ಬಂದು ನನ್ನ ಹತ್ರ ಕೇಳಿದ, "ಅವ ದಾರಿಯಲ್ಲಿ ಉಸಿರು ಎಳೀತಾ ಇದ್ದ ಡಾಕ್ಟ್ರೇ, ಮತ್ತೆ ಹೇಗೆ?" ಅಂತ. ಆ ಪ್ರಶ್ನೆಗೆ ಉತ್ತರ ಹೇಳ್ಲಿಕ್ಕೇ ನಾನು ಶಾಲೆ ಶಾಲೆಗೆ ಹೋಗ್ಲಿಕ್ಕೆ ಶುರು ಮಾಡಿದ್ದು.

ಅವ ಎಳೀತಾ ಇದ್ದದ್ದು ಉಸಿರಲ್ಲ. ಹಾರ್ಟ್ ನಿಂತ ಮೇಲೂ ಒಂದೆರಡು ನಿಮಿಷ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು, ಬಾಯಿ ತೆರೆದು ಆಗೊಮ್ಮೆ ಈಗೊಮ್ಮೆ ಗೊರ್ ಅಂತ ಎಳೆಯುವುದುಂಟು, ನೀರಿನಿಂದ ತೆಗೆದ ಮೀನು ಬಾಯಿ ಬಿಡುವ ಹಾಗೆ. ಎದೆ ಸಮವಾಗಿ ಮೇಲೆ ಕೆಳಗೆ ಆಗುವುದಿಲ್ಲ. ಮೊದಲ ಕೆಲವು ಸೆಕೆಂಡು ಕೈಕಾಲು ಅದುರುವುದೂ ಉಂಟು, ನೋಡಿದವರು ಪಿಟ್ಸ್ ಅಂತ ಕೈಗೆ ಬೀಗದ ಕೈ ಹಿಡಿಸ್ತಾರೆ. ಜಪಾನಿನಲ್ಲಿ 2011ರಲ್ಲಿ ಸೈತಾಮ ಅನ್ನುವ ಊರಿನಲ್ಲಿ ಇದೇ ಆಯ್ತು. ಆಸುಕಾ ಅಂತ 6ನೇ ಕ್ಲಾಸಿನ ಹುಡುಗಿ, ರಿಲೇ ಓಟದ ಪ್ರಾಕ್ಟೀಸಿನಲ್ಲಿ ಬಿದ್ದಳು. ಶಾಲೆಯಲ್ಲಿ ಎಇಡಿ ಇತ್ತು. ಆದ್ರೆ ಉಸಿರಾಡ್ತಾ ಇದ್ದಾಳೆ ಅಂತ ತಿಳ್ಕೊಂಡು ಯಾರೂ ಒತ್ತಲಿಲ್ಲ, ಮಿಷನ್ ಹಾಕ್ಲಿಲ್ಲ, ಮರುದಿನ ಮಗು ಹೋಯ್ತು. ಆ ಊರಿನವರು ಮಗುವಿನ ಮನೆಯವರ ಜೊತೆ ಕೂತು ಅವಳ ಹೆಸರಿನಲ್ಲೇ ಮಾಷ್ಟ್ರುಗಳಿಗೆ ಒಂದು ಕೈಪಿಡಿ ಮಾಡಿದ್ರು, 2012ರಲ್ಲಿ, ಅದ್ರ ಮುಖ್ಯ ಮಾತು ಇಷ್ಟೇ: ಉಸಿರಾಡ್ತಾ ಇದ್ದಾನಾ ಇಲ್ವಾ ಅಂತ ಸಂಶಯ ಬಂದ್ರೆ ಇಲ್ಲ ಅಂತಲೇ ತಿಳ್ಕೊಂಡು ಒತ್ಲಿಕ್ಕೆ ಶುರು ಮಾಡಿ. ನಿಮ್ಮ ಪ್ಲಾನಿನ ಮೊದಲನೇ ಸಾಲು ಇದೇ ಆಗ್ಲಿ ಟೀಚರ್. ಎದ್ದು ಮಾತಾಡದ, ಸರಿಯಾಗಿ ಉಸಿರಾಡದ ಮಗುವಿಗೆ ಒತ್ತುವುದು. ನಾಡಿ ಹುಡುಕ್ಲಿಕ್ಕೆ ಹೋಗ್ಬೇಡಿ, ಗಾಬರಿಯಲ್ಲಿ ನಮ್ಮದೇ ಬೆರಳಿನ ನಾಡಿ ನಮಗೆ ಸಿಗುವುದು.

ಒತ್ತುವುದು ಹೇಗೆ ಅಂತ ಬರೆದು ಕಲಿಸ್ಲಿಕ್ಕೆ ಆಗುವುದಿಲ್ಲ, ಬೊಂಬೆ ಮೇಲೆ ಕೈ ಇಟ್ಟೇ ಕಲೀಬೇಕು, ಆದ್ರೂ ಲೆಕ್ಕ ಹೇಳ್ತೇನೆ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಬೆಂಚಿನ ಮೇಲೆ ಬೇಡ. ಎದೆಯ ಮಧ್ಯ ಎಲುಬಿನ ಕೆಳಗಿನ ಅರ್ಧದಲ್ಲಿ ಅಂಗೈಯ ಬುಡ ಇಟ್ಟು, ಮೊಣಕೈ ಮಡಚದೆ, ಸುಮಾರು 5 ಸೆಂಟಿಮೀಟರ್ ಕೆಳಗೆ ಹೋಗುವಷ್ಟು, ಸಣ್ಣ ಮಕ್ಕಳಿಗೆ ಎದೆಯ ದಪ್ಪದ ಮೂರರಲ್ಲಿ ಒಂದು ಪಾಲು, ನಿಮಿಷಕ್ಕೆ 100ರಿಂದ 120. ಅಂದ್ರೆ 30 ಸಲ ಒತ್ಲಿಕ್ಕೆ 15ರಿಂದ 18 ಸೆಕೆಂಡು. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರ್ಲಿಕ್ಕೆ ಬಿಡ್ಬೇಕು. 30 ಒತ್ತಿ ಎರಡು ಉಸಿರು ಬಾಯಿಗೆ ಬಾಯಿಟ್ಟು ಊದುವುದು. ದೊಡ್ಡವರು ಕುಸಿದು ಬಿದ್ರೆ ಊದ್ಲಿಕ್ಕೆ ಹಿಂಜರಿಕೆ ಆದವರು ಬರೀ ಒತ್ತಿದ್ರೂ ನಡೀತದೆ ಅಂತ ಹೇಳ್ತೇವೆ, ಮಕ್ಕಳ ವಿಷಯದಲ್ಲಿ ಉಸಿರು ತುಂಬ ಮುಖ್ಯ, ಯಾಕೆ ಅಂದ್ರೆ ಮಕ್ಕಳಲ್ಲಿ ಹೆಚ್ಚಾಗಿ ಮೊದಲು ಉಸಿರು ನಿಂತು ಮತ್ತೆ ಹಾರ್ಟ್ ನಿಲ್ಲುವುದು. ಕೆರೆಗೋ ಮದಕಕ್ಕೋ ಬಿದ್ದ ಮಗು ಆದ್ರೆ ಮೊದಲೇ ಉಸಿರು ಊದಿ ಆಮೇಲೆ ಒತ್ಲಿಕ್ಕೆ ಶುರು ಮಾಡ್ಬೇಕು, ಹೊಟ್ಟೆ ಒತ್ತಿ ನೀರು ತೆಗೀಲಿಕ್ಕೆ, ಕಾಲು ಹಿಡಿದು ತಿರುಗಿಸ್ಲಿಕ್ಕೆ ಹೋಗ್ಬೇಡಿ, ಅದ್ರಲ್ಲೇ ಎರಡು ನಿಮಿಷ ಹೋಗ್ತದೆ. ಎರಡೆರಡು ನಿಮಿಷಕ್ಕೆ ಜನ ಬದಲಾಗ್ಬೇಕು, ಎಂಥ ಗಟ್ಟಿ ಪಿಇಟಿ ಮಾಷ್ಟ್ರಾದ್ರೂ ಎರಡು ನಿಮಿಷದ ಮೇಲೆ ಅವರಿಗೆ ಗೊತ್ತಾಗದೇ ಒತ್ತು ಕಮ್ಮಿ ಆಗ್ತದೆ.

ಮಿಂಚಿನ ಪೆಟ್ಟು, ಕರೆಂಟ್ ಶಾಕ್ ಕೂಡಾ ನಮ್ಮಲ್ಲಿ ಮರೆಯಬಾರದ್ದು. ಅಡಿಕೆ ತೋಟದ ನಡುವೆ ಇರುವ ಶಾಲೆಗಳು, ಮಾವಿನಕಾಯಿಗೆ ಅಂತ ಮಕ್ಕಳು ಅಲ್ಯೂಮಿನಿಯಂ ದೋಟಿ ಎತ್ತಿದ್ರೆ ಮೇಲೆ ಲೈನು. ಕರೆಂಟ್ ಆದ್ರೆ ಮೊದಲು ಫ್ಯೂಸ್ ತೆಗ್ದು ಆಮೇಲೆ ಮಗುವನ್ನು ಮುಟ್ಟಿ, ಹೊರಗಿನ ಲೈನಾದ್ರೆ ಕೆಎಸ್‌ಇಬಿ ಕರೆಂಟ್ ಆಫೀಸಿನವರು ಲೈನ್ ಆಫ್ ಮಾಡಿದ್ದೇವೆ ಅನ್ನುವವರೆಗೆ ಹತ್ತಿರ ಹೋಗ್ಬೇಡಿ. ಮಿಂಚಿನ ಪೆಟ್ಟು ತಿಂದವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ, ಕೂಡ್ಲೇ ಮುಟ್ಟಿ ಒತ್ತಬಹುದು.

ಈಗ ಪ್ಲಾನ್. ಕೆಲವು ಶಾಲೆಯಲ್ಲಿ ನನಗೆ ಪ್ಲಾನ್ ಅಂತ ತೋರಿಸುವುದು 20 ಪುಟದ ಒಂದು ಫೈಲು, ಎಲ್ಲಿಂದಲೋ ಡೌನ್‌ಲೋಡ್ ಮಾಡಿದ್ದು, ಬೀರುವಿನೊಳಗೆ ಇರ್ತದೆ. ಅದು ಇನ್ಸ್‌ಪೆಕ್ಷನ್ನಿಗೆ ಆಗ್ತದೆ, ಮಗುವಿಗೆ ಆಗುವುದಿಲ್ಲ. ನಿಮಗೆ ಬೇಕಾದದ್ದು ಗೋಡೆಗೆ ಅಂಟಿಸುವ ಒಂದೇ ಪುಟ. ಅದ್ರಲ್ಲಿ ಐದು ಕೆಲಸ, ಒಂದೊಂದು ಕೆಲಸಕ್ಕೂ ಎರಡೆರಡು ಹೆಸರು, ಒಬ್ರು ರಜೆಯಲ್ಲಿದ್ರೆ ಇನ್ನೊಬ್ರು. ಒಬ್ರು ಒತ್ತುವವರು, ಅವರು ಎಂತ ಆದ್ರೂ ಮಗುವನ್ನು ಬಿಟ್ಟು ಏಳಬಾರದು. ಒಬ್ರು ಫೋನ್ ಮಾಡುವವರು. ಒಬ್ರು ಎಇಡಿ ತರುವವರು. ಒಬ್ರು ಗೇಟಿಗೆ ಓಡಿ ಬೀಗ ತೆಗ್ದು ಮಾರ್ಗದ ಬದಿಯಲ್ಲಿ ನಿಂತು ಆಂಬುಲೆನ್ಸಿಗೆ ಕೈ ತೋರಿಸುವವರು. ಒಬ್ರು ಉಳಿದ ಮಕ್ಕಳನ್ನು ಕ್ಲಾಸಿಗೆ ಕರ್ಕೊಂಡು ಹೋಗುವವರು, ಇದು ಸಣ್ಣ ಕೆಲಸ ಅಂತ ಎಣಿಸ್ಬೇಡಿ, ಇನ್ನೂರು ಮಕ್ಕಳು ಸುತ್ತ ಸೇರಿದ್ರೆ ಒತ್ತುವವರಿಗೆ ಕೈ ಚಾಚ್ಲಿಕ್ಕೂ ಜಾಗ ಇರುವುದಿಲ್ಲ. ಹೆಸರು ಬರೆಯುವಾಗ ಮಾಷ್ಟ್ರುಗಳದ್ದು ಮಾತ್ರ ಬರೀಬೇಡಿ, ಮಧ್ಯಾಹ್ನದ ಅಡುಗೆಯ ಅಕ್ಕ, ಪ್ಯೂನು, ಬಸ್ಸಿನ ಡ್ರೈವರಣ್ಣ ಎಲ್ಲರೂ ಬೇಕು, ಸ್ಟಾಫ್ ಮೀಟಿಂಗ್ ಇರುವ ಹೊತ್ತಿಗೆ ಮೈದಾನದಲ್ಲಿ ಇರುವವರು ಅವರೇ ಅಲ್ವಾ. ಶನಿವಾರದ ಪ್ರಾಕ್ಟೀಸ್, ಶಾಲೆ ಬಿಟ್ಟ ಮೇಲಿನ ಆಟ, ವಾರ್ಷಿಕೋತ್ಸವದ ರಾತ್ರಿ, ಇದಕ್ಕೆಲ್ಲ ಬೇರೆ ಹೆಸರು ಬೇಕಾಗ್ತದೆ. ವಾರ್ಷಿಕೋತ್ಸವದಲ್ಲಿ ಬೀಳುವುದು ಮಗುವೇ ಆಗ್ಬೇಕು ಅಂತ ಇಲ್ಲ, ಆಟ ನೋಡ್ಲಿಕ್ಕೆ ಬಂದ ಅಜ್ಜನೂ ಆಗಬಹುದು, ಪ್ಲಾನು ಅವರಿಗೂ ಇದೇ.

ಫೋನಿನ ವಿಷಯ ಸ್ವಲ್ಪ ಉದ್ದ ಹೇಳ್ಬೇಕು, ನಮ್ಮ ಗಡಿ ಕಡೆಯವರಿಗೆ ಇದ್ರಲ್ಲಿ ಬೇರೆಯೇ ತೊಂದರೆ ಉಂಟು. 108 ಇಲ್ಲಾಂದ್ರೆ 112. ನಿಮ್ಮ ಫೋನು ಕರ್ನಾಟಕದ ಟವರ್ ಹಿಡಿದಿದ್ರೆ ಕಾಲ್ ಆಚೆ ಕಡೆಗೆ ಹೋಗಲೂಬಹುದು, ಹಾಗಾಗಿ ಬಾಯಿ ತೆಗೆದ ಕೂಡ್ಲೇ ಕೇರಳ, ಕಾಸರಗೋಡು ಜಿಲ್ಲೆ ಅಂತ ಹೇಳ್ಬೇಕು. ಆಮೇಲೆ ಊರಿನ ಹೆಸರು. ನಮ್ಮ ಜಿಲ್ಲೆಯಲ್ಲಿ ಬದಿಯಡ್ಕವೂ ಒಂದು ಪಂಚಾಯತು, ಬೇಡಡ್ಕವೂ ಒಂದು ಪಂಚಾಯತು, ಗಾಬರಿಯಲ್ಲಿ ಹೇಳಿದ್ರೆ ಕೇಳುವವರಿಗೆ ಎರಡೂ ಒಂದೇ, ಇವೆರಡರ ನಡುವೆ ಎಷ್ಟು ದೂರ ಅಂತ ನಿಮಗೆ ಗೊತ್ತುಂಟು. ಅದಕ್ಕೆ ಫೋನಿನಲ್ಲಿ ಹೇಳ್ಬೇಕಾದ ಮಾತನ್ನು ಮೊದಲೇ ಕನ್ನಡದಲ್ಲೂ ಮಲಯಾಳದಲ್ಲೂ ಬರೆದಿಡಿ: ಜಿಲ್ಲೆ, ಪಂಚಾಯತು, ಶಾಲೆಯ ಪೂರ್ತಿ ಹೆಸರು, ಯಾವ ಜಂಕ್ಷನ್ನಿನಲ್ಲಿ ತಿರುಗುವುದು, ಗುರುತಿಗೆ ದೇವಸ್ಥಾನವೋ ಮಸೀದಿಯೋ ರೇಶನ್ ಅಂಗಡಿಯೋ, ಮಗುವಿಗೆ ಉಸಿರಿಲ್ಲ ಎದೆ ಒತ್ತುತ್ತಾ ಇದ್ದೇವೆ ಅನ್ನುವ ಒಂದು ಸಾಲು. ನೋಡಿ ಓದಿದ್ರೆ ಸಾಕು ಹಾಗೆ. ಪಂಚಾಯತಿನಲ್ಲಿ, ಕ್ಲಬ್ಬಿನಲ್ಲಿ ಇರುವ ಖಾಸಗಿ ಆಂಬುಲೆನ್ಸ್ ಡ್ರೈವರುಗಳ ನಂಬರೂ ಅಲ್ಲೇ ಇರ್ಲಿ, ಎಷ್ಟೋ ಸಲ ಅವರೇ ಬೇಗ ಬರುವುದು. ಮೈದಾನದಲ್ಲಿ ಸಿಗ್ನಲ್ ಎಲ್ಲಿ ಸಿಗ್ತದೆ, ಯಾವ ಸಿಮ್ಮಿಗೆ ಸಿಗ್ತದೆ ಅಂತ ಇವತ್ತೇ ನಡೆದು ನೋಡಿ.

ಬರೆದಾದ ಮೇಲೆ ಡ್ರಿಲ್. ಒಂದು ಶಾಲೆಯಲ್ಲಿ ನಾನು ಮಾಡಿಸಿದ್ದನ್ನು ಹೇಳ್ತೇನೆ. ಮಿಷನ್ ಇತ್ತು, ತರಬೇತಿ ಆಗಿತ್ತು, ಎಲ್ಲರಿಗೂ ಧೈರ್ಯ ಇತ್ತು. ಮೈದಾನದ ಆಚೆ ಕೊನೆಯಲ್ಲಿ ಗೇರು ಮರದ ಕೆಳಗೆ ಬೊಂಬೆ ಮಲಗಿಸಿ ವಾಚ್ ಒತ್ತಿದೆ. ಒಬ್ಬಳು ಹುಡುಗಿ ಆಫೀಸಿಗೆ ಓಡಿದಳು, 70 ಮೆಟ್ಟಿಲು ಹತ್ತಿ. ಎಇಡಿ ಎಚ್‌ಎಂ ರೂಮಿನ ಗೋದ್ರೆಜ್ ಬೀರುವಿನೊಳಗೆ, ಬೆಲೆಬಾಳುವ ವಸ್ತು ಅಂತ ಬೀಗ. ಬೀಗದ ಕೈ ಕ್ಲರ್ಕ್ ಹತ್ರ, ಕ್ಲರ್ಕ್ ಎಇಒ ಆಫೀಸಿಗೆ ಹೋಗಿದ್ರು. ಮತ್ತೊಂದು ಬೀಗದ ಕೈ ಹುಡುಕಿ ಮಿಷನ್ ಕೆಳಗೆ ಬರುವಾಗ 11 ನಿಮಿಷ. ಎಚ್‌ಎಂ ಮೇಡಂ ಆ ವಾಚನ್ನು ನೋಡಿ ಮಾತಾಡ್ಲಿಲ್ಲ. ಮರುವಾರ ವರಾಂಡದ ಕಂಬದಲ್ಲಿ, ಮಕ್ಕಳ ಕೈಗೆ ಎಟಕುವ ಹಾಗೆ, ಬೀಗ ಇಲ್ಲದ ಗಾಜಿನ ಪೆಟ್ಟಿಗೆ ಬಂತು. ಎರಡನೇ ಡ್ರಿಲ್ಲಿಗೆ ಎರಡು ಮುಕ್ಕಾಲು ನಿಮಿಷ. ಕದ್ದುಕೊಂಡು ಹೋದ್ರೆ ಅಂತ ಕೇಳ್ತಾರೆ. ಮಿಷನ್ ಕದ್ದು ಹೋದ್ರೆ ಇನ್ನೊಂದು ತರಬಹುದು.

ಕೇಸಿನ ಹೆದರಿಕೆ. ನಿಮ್ಮ ಸಹೋದ್ಯೋಗಿಯದ್ದು ತಪ್ಪು ಪ್ರಶ್ನೆ ಅಲ್ಲ. ಒಬ್ಬರ ಒಳ್ಳೇದಕ್ಕೆ ಅಂತ ಸದ್ಭಾವನೆಯಿಂದ, ಒಪ್ಪಿಗೆ ಕೇಳ್ಲಿಕ್ಕೆ ಸಮಯವೇ ಇಲ್ಲದ ಹೊತ್ತಿನಲ್ಲಿ ಮಾಡಿದ ಕೆಲಸದಿಂದ ಎಂತಾದ್ರೂ ಹೆಚ್ಚು ಕಮ್ಮಿ ಆದ್ರೆ ಅದು ಅಪರಾಧ ಆಗುವುದಿಲ್ಲ ಅಂತ ಭಾರತೀಯ ನ್ಯಾಯ ಸಂಹಿತೆಯ 30ನೇ ಸೆಕ್ಷನ್ ಹೇಳ್ತದೆ, ಹಳೇ ಐಪಿಸಿಯಲ್ಲಿ ಇದು 92 ಆಗಿತ್ತು. ರಸ್ತೆ ಅಪಘಾತದಲ್ಲಿ ಸಹಾಯ ಮಾಡಿದವರಿಗೆ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ಬೇರೆಯೇ ರಕ್ಷಣೆ ಉಂಟು, ಅದು ರಸ್ತೆಯದ್ದಕ್ಕೆ ಮಾತ್ರ. ಆದ್ರೆ ಕಾನೂನಿಗಿಂತ ಮೊದಲು ಈ ಲೆಕ್ಕ ನೋಡಿ, ಹಾರ್ಟ್ ನಿಂತ ಮಗುವಿಗೆ ನೀವು ಇನ್ನೂ ಎಂತ ಹಾಳು ಮಾಡ್ಲಿಕ್ಕೆ ಆಗ್ತದೆ? ಪಕ್ಕೆಲುಬು ಮುರಿದ್ರೆ ಕೂಡ್ತದೆ. ಎಇಡಿಯೂ ಅಷ್ಟೇ, ಅದು ತಾನೇ ಹಾರ್ಟಿನ ಕರೆಂಟನ್ನು ಓದಿ ಶಾಕ್ ಬೇಕಾದ್ರೆ ಮಾತ್ರ ಕೊಡ್ತದೆ, ಬೇಡದವರಿಗೆ ನೀವು ಬಟನ್ ಒತ್ತಿದ್ರೂ ಕೊಡುವುದಿಲ್ಲ. ಜಪಾನಿನಲ್ಲಿ 2004ರಿಂದಲೇ ಸಾಮಾನ್ಯ ಜನ ಅದನ್ನು ಉಪಯೋಗಿಸ್ತಾರೆ.

ಹಾಗಾದ್ರೆ ಮಿಷನ್ ತಗೊಳ್ಳುವುದಾ? ತಗೊಳ್ಳಿ, ಕೊಡ್ಲಿಕ್ಕೆ ಜನ ಇರುವಾಗ ಬೇಡ ಅನ್ಬೇಡಿ, ಆದ್ರೆ ಗಲ್ಫಿನವರಿಗೆ ಒಂದು ಮಾತು ಹೇಳಿ, ಮಿಷನ್ನಿಗೆ ಹೆಚ್ಚು ಕಮ್ಮಿ ಒಂದು ಲಕ್ಷದ ಆಚೆ ಈಚೆ ಆಗ್ತದೆ, ಅದ್ರ ಜೊತೆ ಎರಡು ತರಬೇತಿ ಬೊಂಬೆಯನ್ನೂ, ಮುಂದಿನ ಪ್ಯಾಡಿಗೆ ಬ್ಯಾಟರಿಗೆ ಅಂತ ಸ್ವಲ್ಪ ದುಡ್ಡನ್ನೂ ಕೊಡಿ ಅಂತ. ಎದೆಗೆ ಅಂಟಿಸುವ ಪ್ಯಾಡಿಗೆ ಎಕ್ಸ್‌ಪೈರಿ ಉಂಟು, ಅಂಟು ಒಣಗ್ತದೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸ್ಬೇಕು. ಬ್ಯಾಟರಿ ನಾಲ್ಕೈದು ವರ್ಷ. ಹಣ ಇಟ್ಟಿಲ್ಲ ಅಂದ್ರೆ ಮೂರನೇ ವರ್ಷಕ್ಕೆ ಅದು ಉದ್ಘಾಟನೆಯ ಫೋಟೋದಲ್ಲಿ ಮಾತ್ರ ಇರುವ ಮಿಷನ್. ಹಸಿರು ಲೈಟ್ ಮಿಣುಕ್ತಾ ಉಂಟಾ ಅಂತ ಪ್ರತಿ ಸೋಮವಾರ ಅಸೆಂಬ್ಲಿ ಆದ ಕೂಡ್ಲೇ ನೋಡಿ ಸಹಿ ಹಾಕುವ ಕೆಲಸ ಜೂನಿಯರ್ ರೆಡ್ ಕ್ರಾಸ್ ಮಕ್ಕಳಿಗೆ ಕೊಡಿ, ಅವರು ನಮಗಿಂತ ಸರಿಯಾಗಿ ಮಾಡ್ತಾರೆ. ಬಿಸಿಲು ನೇರ ಬೀಳುವಲ್ಲಿ, ಮಳೆ ಎರಚಲು ಬರುವಲ್ಲಿ ಇಡ್ಬೇಡಿ. ಖರೀದಿ ಮೊದಲು ಯಾವ ಭಾಷೆಯಲ್ಲಿ ಮಾತಾಡ್ತದೆ ಅಂತ ಕೇಳಿ. 8 ವರ್ಷದ ಕೆಳಗಿನ, 25 ಕಿಲೋ ಒಳಗಿನ ಮಕ್ಕಳಿಗೆ ಬೇರೆ ಪ್ಯಾಡ್ ಅಥವಾ ಮಕ್ಕಳ ಮೋಡ್ ಇರ್ತದೆ, ಯುಪಿ ಶಾಲೆಗೆ ಅದು ಬೇಕೇ ಬೇಕು, ಇಲ್ಲದ ಹೊತ್ತಿಗೆ ದೊಡ್ಡವರ ಪ್ಯಾಡನ್ನೇ ಒಂದು ಎದೆಗೆ ಒಂದು ಬೆನ್ನಿಗೆ ಹಾಕಬಹುದು, ಹಾಕದೆ ಬಿಡಬಾರದು. ಮಳೆಗಾಲದಲ್ಲಿ ಮಗು ಒದ್ದೆ ಇದ್ರೆ ನೀರು ನಿಂತ ಜಾಗದಿಂದ ಎಳ್ದು ಎದೆ ಒರೆಸಿ ಅಂಟಿಸ್ಬೇಕು, ಪೆಟ್ಟಿಗೆಯಲ್ಲಿ ಒಂದು ಬೈರಾಸು, ಯೂನಿಫಾರಂ ಕತ್ತರಿಸ್ಲಿಕ್ಕೆ ಒಂದು ಕತ್ತರಿ ಇಡಿ. ಹೆಣ್ಣು ಮಕ್ಕಳಿಗೆ ಅಂಗಿ ತೆಗೆಯುವ ವಿಷಯದಲ್ಲಿ ಹಿಂಜರಿದು ತಡ ಮಾಡುವುದು ಎಲ್ಲಾ ಕಡೆ ಉಂಟು, ಅದಕ್ಕೆ ಇಬ್ರು ಟೀಚರ್ ಶಾಲು ಅಡ್ಡ ಹಿಡಿಯುವುದನ್ನು ಡ್ರಿಲ್ಲಿನಲ್ಲೇ ಸೇರಿಸಿ.

ಮಿಷನ್ ಬರುವುದು ತಡ ಆದ್ರೆ ತರಬೇತಿಯನ್ನು ತಡ ಮಾಡ್ಬೇಡಿ. ಬ್ಲಾಕಿನ ಆರೋಗ್ಯ ಕೇಂದ್ರದಲ್ಲಿ, ಡಾಕ್ಟ್ರುಗಳ ಸಂಘ ಐಎಂಎಯ ಶಾಖೆಯಲ್ಲಿ ಪತ್ರ ಕೊಟ್ಟು ಕೇಳಿ, ಬಂದು ಕಲಿಸ್ತಾರೆ. ಮಕ್ಕಳಿಗೂ ಕಲಿಸಿ. 12 ವರ್ಷದಿಂದ ಮೇಲಿನ ಮಕ್ಕಳಿಗೆ ವರ್ಷಕ್ಕೆ ಎರಡು ಗಂಟೆ ಕಲಿಸಿದ್ರೆ ಸಾಕು ಅನ್ನುವ ಕಾರ್ಯಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಒಪ್ಪಿದೆ, ಅಂದ್ರೆ ನಿಮ್ಮ ಏಳನೇ ಕ್ಲಾಸಿನವರು. ಡೆನ್ಮಾರ್ಕಿನಲ್ಲಿ 2005ರಿಂದ ಶಾಲೆಯಲ್ಲಿ ಇದು ಕಡ್ಡಾಯ, ಅಲ್ಲಿ 2001ರಲ್ಲಿ ಆಸ್ಪತ್ರೆಯ ಹೊರಗೆ ಹಾರ್ಟ್ ನಿಂತವರಲ್ಲಿ ನೂರಕ್ಕೆ 21 ಜನರಿಗೆ ಮಾತ್ರ ಅಕ್ಕಪಕ್ಕದವರು ಎದೆ ಒತ್ತಿದ್ದು, 2010ಕ್ಕೆ ಅದು 45ರ ಹತ್ತಿರ ಬಂತು. ನಿಮ್ಮ ಮಕ್ಕಳಿಗೆ ಹೇಳ್ಲಿಕ್ಕೆ ಅದೇ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್‌ನ ಕಥೆ ಉಂಟಲ್ಲ, 2021 ಜೂನ್ 12, ಯುರೋ ಕಪ್ಪಿನಲ್ಲಿ ಫಿನ್‌ಲೆಂಡ್ ಎದುರು, ನಮ್ಮ ಕಡೆಯ ಹುಡುಗರು ಅರ್ಧ ಜನ ಅವತ್ತು ಮ್ಯಾಚ್ ನೋಡಿದವರೇ. ಚೆಂಡು ತಗೊಳ್ಳಿಕ್ಕೆ ಅಂತ ಬಂದವ ಹಾಗೇ ಮುಂದಕ್ಕೆ ಬಿದ್ದ, ಕ್ಯಾಪ್ಟನ್ ಓಡಿ ಬಂದ, ಆಟಗಾರರು ಸುತ್ತ ಗೋಡೆ ಕಟ್ಟಿ ನಿಂತ್ರು, ಅಲ್ಲೇ ಒತ್ತಿದ್ರು, ಅಲ್ಲೇ ಶಾಕ್ ಕೊಟ್ರು, ಎಂಟು ತಿಂಗಳಿಗೆ ಅವ ಪುನಃ ಆಡ್ಲಿಕ್ಕೆ ಇಳಿದ. ಈ ಕಥೆ ಹೇಳಿ ಬೊಂಬೆ ಎದುರಿಗಿಟ್ರೆ ಮಕ್ಕಳು ಸಾಲು ನಿಲ್ತಾರೆ, ನಾನು ನೋಡಿದ್ದೇನೆ.

ಒಂದು ಪುಟದ ಪ್ಲಾನ್ ಬರೆದಾದ್ರೆ ನನಗೆ ಕಳಿಸಿ, ಮಲಯಾಳದ ಸಾಲು ನಾನು ನೋಡಿ ಕೊಡ್ತೇನೆ. ಮೊದಲ ಡ್ರಿಲ್ಲಿನಲ್ಲಿ ಎಷ್ಟು ನಿಮಿಷ ಬಂತೋ ಅದನ್ನೂ ಬರೀರಿ, ಹತ್ತೇ ಬಂದ್ರೂ ನಾಚಿಕೆ ಬೇಡ. ಮತ್ತೆ ಆ ಹುಡುಗಿಯ ಮನೆಗೆ ಫೋನಿನಲ್ಲಿ ಹೇಳಿದ್ರೆ ಸಾಲದು, ನೀವೇ ಒಂದು ಸಂಜೆ ಹೋಗಿ ಬನ್ನಿ, ಸ್ಪೋರ್ಟ್ಸಿಗೆ ಸೆಲೆಕ್ಟ್ ಆದ ಮಗುವನ್ನು ಓಡ್ಬೇಡ ಅಂದ್ರೆ ಅವಳಿಗೂ ಬೇಜಾರಾಗ್ತದೆ ಮನೆಯವರಿಗೂ ಸಿಟ್ಟು ಬರಬಹುದು, ಇಸಿಜಿ ಸರಿ ಇದ್ದು ಡಾಕ್ಟ್ರು ಒಪ್ಪಿದ್ರೆ ಮುಂದಿನ ವಾರವೇ ಓಡಬಹುದು ಅಂತ ಅವಳ ಎದುರೇ ಹೇಳಿ. ಮನೆಯವರಿಗೆ ಅಡ್ಡಿ ಇಲ್ಲ ಅಂದ್ರೆ ಆ ಇಸಿಜಿ ಕಾಗದ ನನಗೂ ತೋರಿಸ್ಲಿ.